ತುಟಿ ಕಾಣುವಷ್ಟು ಬೆಳಕು

ಮಾರ್ಚ್ 3, ಸೋಮವಾರ

ಎದುರು ಮನೆಯಾಕೆ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಾ ಗಂಡನಿಗೆ ಏನೋ ಬೈಯುತ್ತಿದ್ದಳು. ಹಲ್ಲಿನಲ್ಲಿ ಕ್ಲಿಪ್ಪು ಕಚ್ಚಿಕೊಂಡೇ. ನಮ್ಮ ಕಿಟಕಿ ಮುಚ್ಚಿತ್ತು, ಸದ್ದು ಕೇಳಿಸಲಿಲ್ಲ. ಪರದೆಯ ಸಂದಿಯಿಂದ ಅವಳ ತುಟಿ ಓದಲು ನೋಡಿದೆ. ಒಂದಕ್ಷರ ದಕ್ಕಲಿಲ್ಲ. ಗಂಡನಿಗೆ ಮಾತ್ರ ಎಲ್ಲ ಅರ್ಥವಾದಂತಿತ್ತು — ತಲೆ ತಗ್ಗಿಸಿ ಒಳಗೆ ಹೋದ.

ಚಿಕ್ಕಮ್ಮನಿಗೆ ದಿನವಿಡೀ ಹೀಗೇ ಇರಬೇಕು. ಊರೆಲ್ಲ ಕ್ಲಿಪ್ಪು ಕಚ್ಚಿಕೊಂಡು ಮಾತಾಡಿದ ಹಾಗೆ.

ಅವಳ ನಿನ್ನೆಯ ಮೆಸೇಜ್ ಮತ್ತೆ ಓದಿದೆ. ಪಿಸುದನಿಯವಳೆಂದು ನನ್ನನ್ನು ಪಿಸು ಅನ್ನುತ್ತಾಳೆ. "ತುಟಿ ಓದೋ ಕ್ಲಾಸು ಬಿಟ್ಟುಬಿಡ್ತೀನಿ ಪಿಸು. ದಿನಾ ಸಂಜೆ ಒಬ್ಬರ ಜೊತೆ ಅಭ್ಯಾಸ ಮಾಡಲೇಬೇಕಂತೆ. ಯಾರು ಅಂತ ಶನಿವಾರದೊಳಗೆ ಹೇಳ್ಬೇಕು. ಇಲ್ಲಿರೋದು ನಿನ್ನ ಚಿಕ್ಕಪ್ಪ ಒಬ್ರು. ಆ ಮೀಸೇಲಿ ತುಟಿ ಎಲ್ಲಿದೆ ಅಂತ ಹುಡುಕೋಷ್ಟರಲ್ಲಿ ಮಾತೇ ಮುಗಿದಿರತ್ತೆ. ಸಾಕು. ಪೆನ್ನು ಪೇಪರ್ ಇದೆಯಲ್ಲ."

ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಪ್ರಕಟಣೆ ಹೇಳುತ್ತಿದ್ದವಳು. ಹೋದ ವರ್ಷ ಒಂದು ಜ್ವರ, ಎರಡೂ ಕಿವಿ ಹೋದವು. ಮಷೀನ್ ಹಾಕಿದರೂ ಬರೀ ಗೊರಗೊರ. ದಿನಾ ಸಂಜೆ ಫೋನಿನಲ್ಲಿ ನನ್ನಿಂದ ಕಥೆ ಓದಿಸುತ್ತಿದ್ದಳು, ಅದೂ ನಿಂತಿತು. ಪೆನ್ನು ಪೇಪರ್ ಏನಾಗುತ್ತದೆಂದು ಗೊತ್ತು. ಮೊದಮೊದಲು ಪುಟಗಟ್ಟಲೆ. ಆಮೇಲೆ ಎರಡು ಸಾಲು. ಆಮೇಲೆ ಸುಮ್ಮನೆ ತಲೆಯಾಡಿಸುವುದು…

"ನಾನಿದ್ದೀನಿ. ವಿಡಿಯೋದಲ್ಲಿ ಮಾಡೋಣ" ಎಂದು ಕಳಿಸಿಬಿಟ್ಟೆ. ಕಳಿಸಿದ ಮೇಲೆ ಮತ್ತೊಮ್ಮೆ ಓದಿದೆ. ನಾನು. ವಿಡಿಯೋದಲ್ಲಿ.

ನನ್ನ ಫೋನು ಬಕೆಟ್ಟಿಗೆ ಬಿದ್ದಾಗಿನಿಂದ ಅದರ ಮುಂದಿನ ಕ್ಯಾಮೆರಾ ಬರೀ ಮಂಜು. ಇಷ್ಟು ದಿನ ಅದೇ ಒಂದು ನೆಮ್ಮದಿಯಾಗಿತ್ತು. ಈಗ ಕೇಳಿದರೆ ಆ ಮಾಡೆಲ್ಲಿಗೆ ಪಾರ್ಟ್ ಬರುವುದಿಲ್ಲವಂತೆ. ಅಮ್ಮನದು ಬಟನ್ ಫೋನು. ಅಪ್ಪ ಮನೆಗೆ ಬರುವುದೇ ಎಂಟರ ಮೇಲೆ. ಉಳಿದದ್ದು ಮನೆಯ ಹಳೇ ಕಂಪ್ಯೂಟರ್. ಅದಕ್ಕೆ ಕ್ಯಾಮೆರಾ ಇಲ್ಲ.

ನಾನು ಪ್ರೂಫ್ ತಿದ್ದುವ ಆಫೀಸಿನ ಡ್ರಾಯರಿನಲ್ಲಿ ಒಂದು ಯುಎಸ್‌ಬಿ ವೆಬ್‌ಕ್ಯಾಮ್ ಸುಮ್ಮನೆ ಬಿದ್ದಿತ್ತು. ಕೇಳಿದೆ. ಮ್ಯಾನೇಜರ್ ನಕ್ಕುಬಿಟ್ಟರು. "ತಗೊಂಡ್ಹೋಗಮ್ಮ. ಇಷ್ಟಕ್ಕೆ ಪ್ರೂಫಿನ ಅಂಚಲ್ಲಿ ಬರೆದು ಕೇಳ್ಬೇಕಾ?"

ಮನೆಗೆ ತಂದು ಚುಚ್ಚಿದೆ. ಕ್ಯಾಮೆರಾ ಸಿಗುತ್ತಿಲ್ಲ ಅಂತು ಕಂಪ್ಯೂಟರ್. ಮೂಗಿನ ಎದುರೇ ಇದೆ, ಸಿಗುತ್ತಿಲ್ಲವಂತೆ.

ಮಾರ್ಚ್ 4, ಮಂಗಳವಾರ

ಭಾವನಿಗೆ ಫೋನ್ ಮಾಡಿದೆ. ಅಕ್ಕನ ಗಂಡ — ಕಂಪ್ಯೂಟರ್ ಎತ್ತಿನಗಾಡಿಯ ಹಾಗಾಗಿದೆ ಎಂದು ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಟ್ಟವರು ಅವರೇ.

"ಲಿನಕ್ಸಲ್ಲಿ ಕ್ಯಾಮೆರಾ ಎಲ್ಲ ತಲೆನೋವು ಕಣಮ್ಮ. ಡ್ರೈವರ್ ಸಿಗಲ್ಲ. ಭಾನುವಾರ ಬಂದು ವಾಪಸ್ ವಿಂಡೋಸೇ ಹಾಕ್ತೀನಿ. ಅಲ್ಲೀವರೆಗೆ ಏನೂ ಮುಟ್ಬೇಡ."

"ಶನಿವಾರದೊಳಗೆ ಬೇಕಿತ್ತು ಭಾವ."

"ಏನು? ಜೋರಾಗಿ ಹೇಳು, ಸೊಳ್ಳೆ ಗುಂಯ್ ಅಂದ ಹಾಗೆ ಕೇಳ್ತಿದೆ."

"ಏನಿಲ್ಲ ಭಾವ."

ಇಟ್ಟೆ. ಮುಟ್ಟಿದೆ.

ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಆಜ್ಞೆ ಬರೆಯುವ ಕಪ್ಪು ಕಿಟಕಿ ತೆರೆದು lsusb ಎಂದು ಹೊಡೆಯಬೇಕಂತೆ. ಚುಚ್ಚಿರುವುದೆಲ್ಲ ಸಾಲಾಗಿ ಬರುತ್ತದೆ. ಮೌಸು, ಕೀಬೋರ್ಡು… ಮೂರನೆಯದು ಕ್ಯಾಮೆರಾ! ಬಾಗಿಲಲ್ಲಿ ಯಾರೋ ನಿಂತಿದ್ದಾರೆಂದು ಯಂತ್ರಕ್ಕೆ ಗೊತ್ತು. ಒಳಗೆ ಕರೆದು ಕೂರಿಸಿ ಮಾತಾಡಿಸುವವರು ಯಾರೂ ಇಲ್ಲ. ಆ ಮಾತಾಡಿಸುವವನೇ ಡ್ರೈವರ್. ಇದಕ್ಕೆ ಬೇಕಾದವನ ಹೆಸರು uvcvideo. ಎಲ್ಲಿಂದಲೂ ತರಬೇಕಿಲ್ಲ, ಲಿನಕ್ಸಿನೊಳಗೇ ಇದ್ದಾನೆ. ಮಲಗಿದ್ದಾನೆ.

ಎಬ್ಬಿಸುವುದಕ್ಕೆ ಒಂದು ಸಾಲು — sudo modprobe uvcvideo. ಪಾಸ್‌ವರ್ಡ್ ಹೊಡೆದರೆ ಪರದೆಯ ಮೇಲೆ ಚುಕ್ಕಿಯೂ ಮೂಡುವುದಿಲ್ಲ, ಕುರುಡು ಬೆರಳಲ್ಲಿ ಹೊಡೆಯಬೇಕು. ಎರಡು ಸಲ ತಪ್ಪಿತು. ಮೂರನೆಯ ಸಲ ಕ್ಯಾಮೆರಾದ ತಲೆಯಲ್ಲಿ ನೀಲಿ ದೀಪ.

ಪರದೆ ತುಂಬ ನನ್ನ ಮುಖ. ಇಷ್ಟು ಹತ್ತಿರದಿಂದ, ಇಷ್ಟು ಗಾಬರಿಯಾಗಿ. ಥಟ್ಟನೆ ಮುಚ್ಚಿದೆ. ಆಮೇಲೆ ತೆರೆದೆ. ಮತ್ತೆ ಮುಚ್ಚಿದೆ.

ಮಾರ್ಚ್ 5, ಬುಧವಾರ

ಇಲ್ಲ! ಕಂಪ್ಯೂಟರ್ ಆರಿಸಿ ಹಚ್ಚಿದರೆ ಕ್ಯಾಮೆರಾ ಮತ್ತೆ ಮಾಯ. ಎಬ್ಬಿಸಿದರೆ ಏಳುತ್ತಾನೆ, ತಾನಾಗಿ ಏಳುವುದಿಲ್ಲ. ದಿನಾ ಎಬ್ಬಿಸಿಕೊಂಡು ಇರಬಹುದಿತ್ತು. ಆದರೆ ಯಾಕೆಂದು ತಿಳಿಯದೆ ಬಿಡುವ ಮನಸ್ಸಾಗಲಿಲ್ಲ.

ಅಮ್ಮ ಅಡುಗೆಮನೆಯಿಂದ, "ಮನುಷ್ಯರ ಹತ್ರ ಬಾಯಿ ಬಿಡಲ್ಲ, ಆ ಡಬ್ಬದ ಮುಂದೆ ಮಾತ್ರ ಗೊಣಗ್ತಾ ಕೂತಿರ್ತಾಳೆ."

ಸಿಕ್ಕಿತು. ಯಾವ ಯಾವ ಡ್ರೈವರ್ ಏಳಬಾರದು ಎಂದು ಬರೆದಿಡುವ ಒಂದು ಕಡತವಿದೆ. ಕೊನೆಯಲ್ಲಿ ಒಂದೇ ಸಾಲು — blacklist uvcvideo. ಸಾಲಿನ ಆರಂಭದಲ್ಲಿ # ಹಾಕಿದರೆ ಯಂತ್ರ ಅದನ್ನು ಓದದೆ ಮುಂದೆ ಹೋಗುತ್ತದಂತೆ. ಇಡೀ ದಿನ ಬೇರೆಯವರ ಸಾಲಿಗೆ ಗುರುತು ಹಾಕುವುದೇ ನನ್ನ ನೌಕರಿ. ಹಾಕಿದೆ. ಆರಿಸಿದೆ, ಹಚ್ಚಿದೆ. ನೀಲಿ ದೀಪ.

ಭಾವನಿಗೆ ಹೇಳಿದರೆ, "ಓ ಅದಾ! ಯಾರಾದ್ರೂ ಇಂಟರ್‌ನೆಟ್ಟಲ್ಲಿ ನುಗ್ಗಿ ನಿಮ್ಮನೆ ನೋಡಿಬಿಟ್ರೆ ಅಂತ ಅವತ್ತೇ ಮುಚ್ಚಿದ್ದೆ."

"ನಮ್ಮನೇಲಿ ಆಗ ಕ್ಯಾಮೆರಾನೇ ಇರ್ಲಿಲ್ಲವಲ್ಲ ಭಾವ."

"ಮುಂಜಾಗ್ರತೆ ಅಂತಾರೆ ಇದಕ್ಕೆ."

ಮಾರ್ಚ್ 6, ಗುರುವಾರ, ಸಂಜೆ 6.40

ಕರೆ ಮುಗಿದರೂ ಕ್ಯಾಮೆರಾದ ಮುಂದೆಯೇ ಕೂತಿದ್ದೇನೆ.

ಆರಕ್ಕೆ ಸರಿಯಾಗಿ ಚಿಕ್ಕಮ್ಮ. ಪರದೆಯಲ್ಲಿ ಅವಳು ಸಣ್ಣಗಾಗಿದ್ದಳು. ದನಿ ಮಾತ್ರ ಅದೇ — ತನಗೇ ಕೇಳಿಸದ್ದರಿಂದ ಇನ್ನೂ ಜೋರು. "ಪಿಸು! ಬಾಯಿಂದ ಕೈ ತೆಗಿಯೇ!"

ತೆಗೆದೆ. "ಹೇಗಿದ್ದೀಯ ಚಿಕ್ಕಮ್ಮ" ಅಂದೆ. ಬಿಡಿಸಿ ಬಿಡಿಸಿ ಅಂದೆ. ಅವಳು ಹುಬ್ಬು ಗಂಟಿಕ್ಕಿದಳು. ಮತ್ತೆ ಅಂದೆ. ಮತ್ತೆ.

"ನೀನು ಮಾತಾಡ್ತಾ ಇಲ್ಲ ಕಣೆ. ಒಂದಾದ ಮೇಲೊಂದು ಫೋಟೋ ಕಳಿಸ್ತಿದ್ದೀಯ. ಒಂದ್ರಲ್ಲಿ ಬಾಯಿ ತೆರೆದಿರತ್ತೆ, ಒಂದ್ರಲ್ಲಿ ಮುಚ್ಚಿರತ್ತೆ. ನಡುವೆ ಏನಾಯ್ತು ಅಂತ ನಂಗೇನು ಗೊತ್ತು?"

ಹೌದು. ನನ್ನ ಪರದೆಯಲ್ಲೂ ಹಾಗೇ. ತಲೆ ಅಲ್ಲಾಡಿಸಿದರೆ ತಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಿಗಿಯುತ್ತದೆ. ಹತ್ತು ನಿಮಿಷ ಹೋರಾಡಿದೆವು. ಅವಳ ಹಿಂದೆ ಚಿಕ್ಕಪ್ಪ ಬಂದು ನಿಂತು ಮೀಸೆಯ ಮೇಲೆ ಕತ್ತರಿಯ ಹಾಗೆ ಬೆರಳಾಡಿಸಿ, ಇದನ್ನು ತೆಗೆದುಬಿಡಲಾ ಎಂದು ಸನ್ನೆ ಮಾಡಿದರು. "ಬೇಡಪ್ಪಾ, ಆಮೇಲೆ ಮನೇಲಿ ಯಾರೋ ಗಂಡಸು ಇದ್ದಾನೆ ಅಂತ ಕಿರುಚಿಕೊಳ್ಳಬೇಕಾಗತ್ತೆ" ಅಂದಳು. ನಗಲಿಲ್ಲ.

ಆಮೇಲೆ, ಸಣ್ಣ ದನಿಯಲ್ಲಿ — ಅವಳಿಗೆ ಸಣ್ಣ ದನಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ — "ನಿಂದೇನೂ ತಪ್ಪಿಲ್ಲ ಮರಿ. ಬಿಟ್ಬಿಡೋಣ. ಕ್ಲಾಸಿಗೆ ಬರಲ್ಲ ಅಂತ ಹೇಳ್ಬಿಡ್ತೀನಿ."

ಹಾಳೆಯ ಮೇಲೆ ದಪ್ಪಗೆ ಬರೆದು ಕ್ಯಾಮೆರಾಕ್ಕೆ ಹಿಡಿದೆ. ಶನಿವಾರ ಇನ್ನೂ ಬಂದಿಲ್ಲ.

ಹಾಳೆ ಅಲ್ಲಾಡುವುದಿಲ್ಲವಲ್ಲ, ಓದಿದಳು. ಕಟ್ ಮಾಡಿದಳು.

ಮಾರ್ಚ್ 7, ಶುಕ್ರವಾರ

ಬೆಳಿಗ್ಗೆ, ಆಫೀಸಿಗೆ ಮುಂಚೆ. ಕ್ಯಾಮೆರಾದ ಬುಡದಲ್ಲಿ ಇರುವೆ ಸಾಲಿನಂಥ ಅಕ್ಷರ. ಮಾಡೆಲ್ ನಂಬರ್ ಓದೋಣವೆಂದು ಅದನ್ನು ವೈರಿನ ಸಮೇತ ಕಿಟಕಿಯತ್ತ ಎಳೆದು ಪರದೆ ಸರಿಸಿದೆ. ಹಿಂತಿರುಗಿ ನೋಡಿದರೆ ಕಂಪ್ಯೂಟರಿನಲ್ಲಿ ಬೀದಿ ನೀರು ಹರಿದ ಹಾಗೆ ಹರಿಯುತ್ತಿದೆ! ಸೈಕಲ್ಲು, ನಾಯಿ, ಎಲ್ಲ ನುಣ್ಣಗೆ. ಮತ್ತೆ ನನ್ನ ಮೂಲೆಗೆ ತಂದೆ. ಜಿಗಿತ. ಕಿಟಕಿಗೆ ಒಯ್ದೆ. ಹರಿವು.

ಯಂತ್ರ ಹಳೆಯದಾಗಿದ್ದಕ್ಕಲ್ಲ. ಡ್ರೈವರಿನದೂ ತಪ್ಪಲ್ಲ.

ಸಂಜೆ ಹುಡುಕಿ ಓದಿದೆ. ಬೆಳಕು ಸಾಲದಿದ್ದರೆ ಕ್ಯಾಮೆರಾ ಒಂದೊಂದು ಚಿತ್ರಕ್ಕೂ ಹೆಚ್ಚು ಹೊತ್ತು ಕಣ್ಣು ತೆರೆದು ಕೂರುತ್ತದೆ. ಹಾಗಾಗಿ ಕ್ಷಣಕ್ಕೆ ಸಿಗುವ ಚಿತ್ರಗಳೇ ಕಡಿಮೆ. ಈ ಅಭ್ಯಾಸ ಬಿಡಿಸುವ ಸೆಟ್ಟಿಂಗ್ ಒಂದಿದೆ. ಬಿಡಿಸಿದೆ. ವೇಗ ಬಂತು, ಮುಖ ಹೋಯಿತು — ಕತ್ತಲಲ್ಲಿ ಕನ್ನಡಕದ ಗಾಜು ಎರಡು ಮಿನುಗುತ್ತಿವೆ ಅಷ್ಟೆ. ಟೇಬಲ್ ಲ್ಯಾಂಪ್ ಇಟ್ಟು ನೋಡಿದೆ. ಗಲ್ಲ ಬೆಳಗಿತು, ತುಟಿ ಮೇಲೆ ನೆರಳು. ಅಮ್ಮ ಹಾದುಹೋಗುತ್ತಾ ಬೆಚ್ಚಿ, "ಅಯ್ಯೋ, ದೆವ್ವ!" ಅಂದಳು.

ನಿಧಾನ ಬೇಕೋ, ಕತ್ತಲು ಬೇಕೋ. ಡ್ರೈವರಿನ ಕೈಯಲ್ಲಿರುವುದು ಇಷ್ಟೇ. ಬೆಳಕನ್ನು ಅವನು ತರಲಾರ.

ಈ ಮೂಲೆ ಆರಿಸಿಕೊಂಡವಳು ನಾನೇ. ಕಪಾಟಿನ ಮರೆ. ಬಾಗಿಲಿಗೂ ಕಾಣುವುದಿಲ್ಲ, ಕಿಟಕಿಗೂ ಕಾಣುವುದಿಲ್ಲ. ಬಂದವರು ನಾನಿಲ್ಲವೆಂದುಕೊಂಡು ಹೋಗುತ್ತಾರೆ.

ಸಂಜೆ ಆರಕ್ಕೆ ಈ ಮನೆಯಲ್ಲಿ ಬೆಳಕಿರುವುದು ಒಂದೇ ಕಡೆ.

ಮಾರ್ಚ್ 8, ಶನಿವಾರ

ಕಿಟಕಿಯ ಪರದೆ ಕಳಚಿದೆ. "ಕೊಳೆಯಾಗಿದೆ, ಒಗೀತೀನಿ" ಅಂದೆ. ಅಮ್ಮ ನನ್ನ ಹಣೆ ಮುಟ್ಟಿ ನೋಡಿದಳು. ಟೇಬಲ್ಲಿನ ಇನ್ನೊಂದು ತುದಿ ಹಿಡಿದುಕೊಂಡದ್ದೂ ಅವಳೇ. ಎತ್ತದೆ ಎಳೆದದ್ದಕ್ಕೆ ನೆಲದ ಮೇಲೆ ಗೀರು ಬಿತ್ತು, ಅದಕ್ಕೂ ಬೈದಳು.

ಈಗ ನನ್ನ ಮುಖ ಕಿಟಕಿಗೆ. ಅಂದರೆ ಬೀದಿಗೆ. ಐದೂವರೆಗೆ ಕೂತು ಅಭ್ಯಾಸ ಮಾಡಿದೆ, ಬಾಯಿ ಅಗಲಿಸಿ, ದನಿಯಿಲ್ಲದೆ. "ಟೇ-ಬಲ್ ಸ-ರಿ-ಸಿ-ದೆ." ತಲೆ ಎತ್ತಿದರೆ ಎದುರು ಬಾಲ್ಕನಿಯ ಕ್ಲಿಪ್ಪಿನಾಕೆ ನನ್ನನ್ನೇ ನೋಡುತ್ತಿದ್ದಾಳೆ. ಕಿವಿ ಬಿಸಿಯಾಯಿತು. ಎದ್ದುಬಿಡೋಣ ಅನ್ನಿಸಿತು. ಅವಳು ಬಾಯಿಂದ ಕ್ಲಿಪ್ಪು ತೆಗೆದು ಏನೋ ಅಂದಳು. "ನನಗಾ?" ಗಾಜಿನ ಈಚೆಯಿಂದಲೂ ಸ್ಪಷ್ಟ! ಇಲ್ಲ ಎಂದು ಕೈಯಾಡಿಸಿದೆ. ನಕ್ಕು ಮತ್ತೆ ಕ್ಲಿಪ್ಪು ಕಚ್ಚಿಕೊಂಡಳು.

ಏಳಲಿಲ್ಲ.

ಆರಕ್ಕೆ ಚಿಕ್ಕಮ್ಮ. ಅವಳು ತಡೆಯುವ ಮೊದಲೇ ಶುರು ಮಾಡಿದೆ. "ಟೇಬಲ್ ಸರಿಸಿದೆ." ಅವಳು ಪರದೆಯ ಹತ್ತಿರ ಬಂದಳು. ಕಣ್ಣು ನನ್ನ ತುಟಿಯ ಮೇಲೆ. ಯಾರೂ ನನ್ನನ್ನು ಇಷ್ಟು ಹೊತ್ತು ಹೀಗೆ ನೋಡಿದ್ದಿಲ್ಲ. ಮತ್ತೆ ಅಂದೆ. ಅವಳ ತುಟಿಯೂ ನನ್ನದರ ಜೊತೆ ಅಲ್ಲಾಡಿತು, ಮಗುವಿಗೆ ತುತ್ತಿಡುವಾಗ ತಾಯಿಯ ಬಾಯಿ ತೆರೆದುಕೊಳ್ಳುವ ಹಾಗೆ. ಮೂರನೇ ಸಲ.

ಅವಳು ಹಿಂದೆ ಸರಿದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಮೈಕಿನ ಮುಂದೆ ಕೂತಂತೆ ಕೂತು —

"ಪ್ರಯಾಣಿಕರ ಗಮನಕ್ಕೆ! ಮೂಲೇಲಿದ್ದ ಪಿಸು ಟೇಬಲ್ ಸರಿಸಿದ್ದಾಳೆ!"

ಮೂಲೆ ನಾನು ಹೇಳಿರಲಿಲ್ಲ. ಅದು ಅವಳಿಗೆ ಮೊದಲಿಂದ ಗೊತ್ತಿದ್ದದ್ದು.

ಅಮ್ಮ ಸೌಟು ಹಿಡಿದೇ ಬಂದು ನನ್ನ ಹಿಂದೆ ನಿಂತಳು. ಚಿಕ್ಕಮ್ಮ ಅಳುತ್ತಿದ್ದಳು. "ಅಳ್ತಾ ಇಲ್ಲ, ಬೆಳಕು ಚುಚ್ತಿದೆ" ಅಂದಳು. ಬೆಳಕಿದ್ದದ್ದು ನನ್ನ ಕಡೆ. ಕ್ಲಾಸಿನ ಮೇಷ್ಟ್ರಿಗೆ ಮೆಸೇಜ್ ಮಾಡಿ ಪರದೆಗೆ ಹಿಡಿದು ತೋರಿಸಿದಳು: ಅಭ್ಯಾಸಕ್ಕೆ ಅಕ್ಕನ ಮಗಳು.

ಮಾರ್ಚ್ 9, ಭಾನುವಾರ, ಸಂಜೆ

ಭಾವ ವಿಂಡೋಸ್ ಹಿಡಿದು ಬಂದಿದ್ದರು. ಬೇಡವೆಂದೆ. ಏನೇನು ಮಾಡಿದೆನೆಂದು ಮೊದಲಿಂದ ಹೇಳಿದೆ. ನಡುವೆ ಒಮ್ಮೆಯೂ "ಏನು?" ಅನ್ನಲಿಲ್ಲ. ಕೊನೆಗೆ, "ಹಾಗಾದ್ರೆ ಬೀದಿಯವರೆಲ್ಲ ನಿನ್ನ ನೋಡ್ತಾರಲ್ಲ?" ಅಂದರು. ಕಾಫಿ ಕೊಟ್ಟೆ.

ಇವತ್ತು ಚಿಕ್ಕಮ್ಮನಿಗೆ ಕಥೆ ಬೇಕಂತೆ. ಒಂದು ಪುಟ ಸಾಕಂತೆ, ನಿಧಾನವಾಗಿ. ಪುಸ್ತಕ ತೆಗೆದಿಟ್ಟಿದ್ದೇನೆ. ಕಿಟಕಿಯಲ್ಲಿ ಬಿಸಿಲು ಟೇಬಲ್ಲಿನ ಅರ್ಧಕ್ಕೆ ಬಂದಿದೆ.

ಪರದೆ ಮಧ್ಯಾಹ್ನವೇ ಒಣಗಿತ್ತು. ನಾಲ್ಕು ಮಡಿಕೆ ಮಾಡಿ ಕಪಾಟಿನ ಅಡಿಯಲ್ಲಿ, ಚಳಿಯ ಬಟ್ಟೆಗಳ ಕೆಳಗೆ ಇಟ್ಟೆ. ಅಮ್ಮ ಕೇಳಿದರೆ ಇನ್ನೂ ಒದ್ದೆ ಇದೆ ಅನ್ನು— ಚಿಕ್ಕಮ್ಮನ ಕರೆ.