ದಿಬ್ಬದಾಚೆಯ ಬನ್ನಿ

ಮಸ್ಕಿ ಹಳ್ಳದ ದಂಡೆ
೨೨೯೪ನೇ ಇಸವಿ, ಆಶ್ವಯುಜದ ಐವತ್ತೆರಡನೇ ದಿನ

ಇಪ್ಪತ್ತೊಂದನೇ ಶತಮಾನದಲ್ಲಿ ಅಂತರ್ಜಲದ ನಕ್ಷೆ ಬರೆಯಲು ಈಗಷ್ಟೇ ಕೂತಿರುವ ಹಿರಿಯರೇ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಮಳೆ ಬೀಳುವ ತನಕ ತಿಂಗಳು ಮುಗಿಯುವುದಿಲ್ಲ. ಮಾತುಗಳೂ ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ.

ನಾನು ಹೀರುಪಟ ಬರೆಯುವವಳು. ಸುತ್ತೆಲ್ಲ ಒಣಗಿದಾಗಲೂ ಹಸಿರಾಗಿರುವ ಗಿಡ ಬೇರಿಳಿಸಿ ನೆಲದಡಿಯ ನೀರು ಕುಡಿಯುತ್ತಿರುತ್ತದೆ. ಆಕಾಶದಿಂದ ತೆಗೆದ ಚಿತ್ರ ನೋಡಿ ಅಂಥ ಕಡೆಗೆಲ್ಲ ಕೆಂಪು ಗುರುತು ಹಾಕುವುದು ನನ್ನ ಕೆಲಸ. ನೀರು ಉಳಿಸಲೆಂದು, ಗುರುತು ಬಿದ್ದದ್ದನ್ನು ಬುಡಸಮೇತ ಕೀಳುತ್ತಾರೆ. ಅದಕ್ಕೇ ಕಾಲುಸಾಕ್ಷಿ ಎಂಬ ಕಟ್ಟಳೆಯಿದೆ: ಬರೆದವರು ಪ್ರತಿ ಗುರುತಿನ ತನಕ ನಡೆದುಹೋಗಿ, ಅಲ್ಲಿಯದೇ ಒಂದು ಎಲೆ ತಂದು ಪಟಕ್ಕೆ ಅಂಟಿಸಬೇಕು.

ಎಂಬತ್ತೆಂಟು ಕಡೆ ನಡೆದೆ. ಎಲ್ಲವೂ ಬಳ್ಳಾರಿ ಜಾಲಿ, ನಿಮ್ಮ ಕಾಲದವರು ಉರುವಲಿಗೆಂದು ಹಬ್ಬಲು ಬಿಟ್ಟದ್ದು. ಕೊನೆಯ ಗುರುತು ದಿಬ್ಬದಾಚೆ ಇತ್ತು. ನೆತ್ತಿ ಸುಡುವ ಬಿಸಿಲು, ಜೊತೆಗೆ ನನ್ನ ಸೊಕ್ಕು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು, ನಾನು ಎಂಬತ್ತೆಂಟು ನೋಡಿದ್ದೇನಲ್ಲ ಎಂದುಕೊಂಡು ಎದುರಿಗಿದ್ದ ಜಾಲಿಯಿಂದಲೇ ಇನ್ನೊಂದು ಎಲೆ ಕಿತ್ತು ಅಂಟಿಸಿಬಿಟ್ಟೆ.

ಅಲ್ಲಿದ್ದದ್ದು ಬನ್ನಿ. ನಮ್ಮ ಸೀಮೆಗೆ ಉಳಿದಿದ್ದ ಒಂದೇ ಬನ್ನಿ. ಮೇಲಿನಿಂದ ನೋಡಿದರೆ ಎರಡೂ ಒಂದೇ ಹಸಿರು. ಅದೂ ನೀರು ಕುಡಿಯುತ್ತಿತ್ತು, ಸುಳ್ಳಲ್ಲ. ಆದರೆ ಜಾಲಿಯ ಬುಡದಲ್ಲಿ ಹುಲ್ಲೂ ಹುಟ್ಟದು. ಬನ್ನಿಯ ಬುಡದಲ್ಲಿ ಹುಲಿಗೆವ್ವ ಎಂಬ ಮುದುಕಿ ನಾಲ್ಕು ಸಾಲು ಸಜ್ಜೆ ಬೆಳೆಯುತ್ತಿದ್ದಳು. ದಸರೆಗೆ ಊರವರೆಲ್ಲ ಅಲ್ಲಿಂದಲೇ ಎಲೆ ತಂದು ಒಬ್ಬರಿಗೊಬ್ಬರು ಕೊಡುತ್ತಿದ್ದರು. ಅದನ್ನು ಕಿತ್ತ ಸುದ್ದಿ ಕೇಳಿ ನಾನು ಓಡಿಹೋದಾಗ ಗುಂಡಿ ಮಾತ್ರ ಇತ್ತು. ಹುಲಿಗೆವ್ವ ಅದರ ಅಂಚಿನಲ್ಲಿ ಕೂತು ಮಣ್ಣಿಗೆ ಬಿದ್ದ ಸಜ್ಜೆತೆನೆ ಆಯುತ್ತಿದ್ದಳು.

ಈ ದಸರೆಗೆ ಹುಲಿಗೆವ್ವ ಕೋಲೂರಿಕೊಂಡು ನಮ್ಮ ಮನೆಗೇ ಬಂದಳು. ಎಲ್ಲರಿಗೂ ಕೊಟ್ಟಂತೆ ನನ್ನ ಅಂಗೈಯಲ್ಲೂ ಎಲೆಯಿಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣವ್ವ" ಎಂದಳು.

ಅದು ಜಾಲಿಯ ಎಲೆ. ಆಕೆಗೂ ಗೊತ್ತಿತ್ತು. ಕೊಡಲು ಬೇರೆ ಎಲೆ ಎಲ್ಲಿತ್ತು? ಆಕೆಯ ಕಾಲು ಮುಟ್ಟಿ ಅತ್ತೆ.

ನಿಮ್ಮ ಕಾಲದಲ್ಲಿ ಬದುಗಳ ಮೇಲೆ ಬನ್ನಿ ಇನ್ನೂ ಇದೆಯಂತೆ. ನಕ್ಷೆ ಬರೆಯಿರಿ, ಅದು ಬೇಕಾದ ಕೆಲಸವೇ. ಬಿಸಿಲಿದ್ದರೂ ಕೊನೆಯ ಗುರುತಿನ ತನಕ ನಡೆಯಿರಿ. ಬರುವಾಗ ದಿಬ್ಬದಾಚೆ ಇನ್ನೆರಡು ಬನ್ನಿಬೀಜ ಊರಿ ಬನ್ನಿ. ನನ್ನಂಥವಳು ಒಬ್ಬಳು ಹುಟ್ಟಿಯೇ ಹುಟ್ಟುತ್ತಾಳೆ.

ಇಂತಿ,
ಅಮರಮ್ಮ