ಭತ್ತದ ಬೇರಿನ ಗಂಟು

ತಿಕೋಟಾ
ಸೋಮವಾರ, ೨೩ ಜೂನ್ ೨೦೨೫

ಮಗಳು ಶಾಹಿಸ್ತಾಳಿಗೆ ಅಮ್ಮಿಯ ದುವಾ.

ಇಂದು ರೋಜಾ ಇದ್ದೇನೆ. ರಮಜಾನಿನಲ್ಲಿ ತಪ್ಪಿದ ಉಪವಾಸಗಳನ್ನು ತೀರಿಸುತ್ತಿದ್ದೇನೆ. ಫಜರ್ ನಮಾಜು ಮುಗಿಸಿ, ಅಂಗಳ ಗುಡಿಸಿ, ಆಡಿಗೆ ಮೇವು ಹಾಕಿ, ನಿನ್ನ ಅಬ್ಬಾನಿಗೆ ರೊಟ್ಟಿ ಬಡಿದಿಟ್ಟು ಕೂತೆ. ನೀನು ಫೋನ್ ಎತ್ತುವುದಿಲ್ಲ. ಕಾಗದವನ್ನಾದರೂ ಓದುತ್ತೀ ಎಂದು ಬರೆಯುತ್ತಿದ್ದೇನೆ.

ಈದಿಗೆ ಬಂದಾಗ ನೀನು ಹಿತ್ತಿಲ ಶೇಂಗಾ ಗಿಡ ಕಿತ್ತು ಬೇರು ತೋರಿಸಿದ್ದೆ. "ಅಮ್ಮಿ, ಈ ಗಂಟಿನ್ಯಾಗಿನ ಜೀವಾಣು ಗಾಳಿಯಿಂದನ ಗೊಬ್ಬರ ಮಾಡತಾವ. ಗಂಟು ಕಟ್ಟಾಕ ಬೇಕಾದ ಜೀನು ಎಷ್ಟೋ ಭತ್ತದಾಗೂ ಅದಾವ, ಜೋಳದಾಗೂ ಅದಾವ. ಆದ್ರೂ ಕಟ್ಟಂಗಿಲ್ಲ."

"ಹಂಗಾರ ಅವು ಸುಮ್ನ ಕುಂತಾವೇನು?" ಎಂದು ಕೇಳಿದೆ.

"ಇಲ್ಲಬೇ, ಮಣ್ಣಾಗಿನ ಬೂಷ್ಟಿನ ಜೋಡಿ ದೋಸ್ತಿ ಮಾಡತಾವ" ಎಂದು ನೀನು ನಕ್ಕೆ. ನಿನ್ನ ಅಬ್ಬಾ, "ಇಷ್ಟು ವರ್ಷ ದುಡಿದು ನನಗ ಒಂದು ಗಂಟು ಕಟ್ಟಾಕ ಆಗ್ಲಿಲ್ಲ, ಹುಲ್ಲೇನು ಕಟ್ಟತೈತಿ ಬಿಡ" ಎಂದರು.

ಸಂಶೋಧನೆಗೆಂದು ನೀನು ನೆಟ್ಟು ಬಿಟ್ಟುಹೋದ ಭತ್ತದ ಕುಂಡಗಳಿಗೆ, ನಮಾಜಿಗೆ ಮುಂಚೆ ಕೈಕಾಲು ತೊಳೆದ ವಜೂ ನೀರನ್ನೇ ನಾನು ಹಾಕಿದೆ. ಅಲ್ಲಾಹ ಕೊಟ್ಟದ್ದು ಸುಮ್ಮನೆ ಇರಲಾರದು ಎಂದು ನಂಬಿದ್ದೆ. ಕುಂಡದ ಮಣ್ಣು ಕುಸಿದಾಗ ಬಬಲೇಶ್ವರದ ನಿನ್ನ ಮಾಮುನ ದ್ರಾಕ್ಷಿ ತೋಟದ ಮಣ್ಣು ತಂದು ತುಂಬಿದೆ. ಮೇ ತಿಂಗಳಲ್ಲಿ ಒಂದು ಸಸಿ ಕಿತ್ತರೆ ಬೇರಿನ ತುಂಬ ಗಂಟು! "ಶಾಹಿಸ್ತಾ, ನಿನ್ನ ಭತ್ತ ಗಂಟು ಕಟ್ಟೈತಿ ಬೇ" ಎಂದು ಫೋನಿನಲ್ಲಿ ಕೂಗಿದೆ. ಓಣಿಗೆಲ್ಲ ಸಕ್ಕರೆ ಹಂಚಿದೆ. ನೀನು ನನ್ನ ಮಾತು ನಂಬಿ, ನಿನ್ನ ಕಾಲೇಜಿನ ಸರ್‌ಗೂ ಹೇಳಿ ಓಡಿಬಂದೆ.

ಕೂತು ಬ್ಲೇಡಿನಿಂದ ಗಂಟು ಕೊಯ್ದು ನೋಡಿದೆ. "ಇದು ಆ ಗಂಟಲ್ಲಮ್ಮಿ, ರೋಗದ ಗಂಟು. ದ್ರಾಕ್ಷಿ ಮಣ್ಣಿನ ಹುಳ ಒಳಗ ಸೇರ್ಯಾವ. ಕೊಯ್ದು ನೋಡದ ಯಾಕ ಹೇಳಿದಿ? ಎಲ್ಲಾರು ನಗತಾರೀಗ" ಎಂದು ನೀನು ಅಂದೇ ಬಸ್ಸು ಹತ್ತಿದೆ.

ಎರಡೂ ಗಂಟು ಕಣ್ಣಿಗೆ ಒಂದೇ ಥರ, ಮಗಳೇ. ಒಂದು ಉಣಿಸುತ್ತದೆ, ಇನ್ನೊಂದು ಉಣ್ಣುತ್ತದೆ. ನನಗೆ ಗುರುತು ಸಿಗಲಿಲ್ಲ. ಈಗ ದುವಾಕ್ಕೆ ಕೈ ಎತ್ತಿದರೆ ಏನು ಬೇಡಬೇಕೋ ತಿಳಿಯುವುದಿಲ್ಲ. ಬೈದಾದರೂ ಮಾತಾಡು.

ನಿನ್ನ ಅಮ್ಮಿ,
ನೂರಜಹಾನ

ತಾ.ಕ.: ನೀನು ಬ್ಲೇಡು ಹಿಡಿದು ಕೂತ ದಿನ, ನಿನ್ನನ್ನು ಒಳಗೆ ಕರೆದು ನನ್ನ ಎದೆಯಲ್ಲಿನ ಗಂಟು ತೋರಿಸಬೇಕೆಂದಿದ್ದೆ. ರಮಜಾನಿನಲ್ಲೇ ಕೈಗೆ ಸಿಕ್ಕಿತ್ತು. ನಿನ್ನ ಮುಖ ನೋಡಿ ಸುಮ್ಮನಾದೆ. ಈಗ ವಿಜಯಪುರದ ಡಾಕ್ಟರರು ಚೂರು ಕೊಯ್ದು ನೋಡಿದ್ದಾರೆ. ಈ ಸಲ ನೋಡದೆ ಹೇಳುತ್ತಿಲ್ಲ. ಇದೂ ರೋಗದ ಗಂಟೇ. ಮುಂದಿನ ವಾರ ಅಲ್ಲಿನ ಆಸ್ಪತ್ರೆ ಸೇರುತ್ತೇನೆ, ಮನೆಯಲ್ಲಿರುವುದಿಲ್ಲ. ಉತ್ತರವನ್ನು ನೆರೆಮನೆಯ ನಂದಾಳ ಹೆಸರಿಗೆ ಹಾಕು. ಬಸ್ಸಿಗೆ ಆಸ್ಪತ್ರೆಗೆ ಬಂದು ಕಾಗದವನ್ನು ನನ್ನ ಕೈಗೇ ಕೊಡು ಎಂದು ಅವಳಿಗೂ ಒಂದು ಮಾತು ಬರೆ.