ಅಮ್ಮಂದಿರ ಹೆಸರು ಕೂಗುವ ಮೈಕು

ಗಡಿ ಕಪ್ ಹೆಣ್ಣುಮಕ್ಕಳ ಹಾಕಿ ಪಂದ್ಯಾವಳಿಯ ಪ್ರಸಾರ ಸಮಿತಿಯ ಅಧ್ಯಕ್ಷರಿಗೆ

ಮಾನ್ಯರೇ,

ನಿಮ್ಮ ಹೊಸ ವೀಕ್ಷಕ ವಿವರಣೆಗಾರರ ಜೋಕು ಕೇಳಿ ನಾನು ನಕ್ಕೆ. ಮಗ್ಗದ ಲಾಳಿ ಕೈಯಲ್ಲಿ ಹಿಡಿದುಕೊಂಡೇ, ಪಕ್ಕದ ಮನೆಗೂ ಕೇಳಿಸುವಷ್ಟು ಜೋರಾಗಿ ನಕ್ಕೆ. ಅದೇ ಹೊತ್ತಿಗೆ ನನ್ನ ಮಗಳು ಶಿರೀಷಾ ಕಲ್ಯಾಣದುರ್ಗದ ಮೈದಾನದಲ್ಲಿ ಬಾಯಿ ತುಂಬ ರಕ್ತ ತುಂಬಿಕೊಂಡು ಬಿದ್ದಿದ್ದಳು. ಆ ಜೋಕು ಮಾಡಿದ್ದು ಅವಳ ಮೇಲೆಯೇ. ಇದು ನನಗೆ ಗೊತ್ತಾಗಿದ್ದು ಮಧ್ಯಾಹ್ನ ಊಟಕ್ಕೆ ಕೂತಾಗ. ಮುಂದಿನದನ್ನು ಓದುವ ಮುನ್ನ ತಮಗೆ ಇಷ್ಟು ತಿಳಿದಿರಲಿ ಎಂದು ಮೊದಲೇ ಬರೆದಿದ್ದೇನೆ.

ನಾವು ಹಿಂದೂಪುರದ ನೇಕಾರರು. ನಮ್ಮ ನಡುಮನೆಯಲ್ಲಿ ಮೂರು ಮಗ್ಗ: ನನ್ನದೊಂದು, ಮಾವ ಸೀತಾರಾಮಪ್ಪನವರದೊಂದು, ಮೈದುನ ಆನಂದಕುಮಾರನದೊಂದು. ಟಿವಿ ಇರುವುದು ನಮ್ಮ ಬೆನ್ನ ಹಿಂದಿನ ಗೋಡೆಯ ಮೇಲೆ. ತಾವು ನಮ್ಮ ಮನೆಗೆ ಬಂದಾಗ "ಇದೇನ್ರೀ, ಟಿವಿಗೆ ಬೆನ್ನು ತೋರಿಸಿ ಕೂತಿದ್ದೀರಿ?" ಎಂದು ನಕ್ಕಿದ್ದಿರಿ. ರೇಷ್ಮೆ ನೇಯುವವರು ಕಣ್ಣು ಆಚೀಚೆ ಮಾಡಿದರೆ ಎಳೆ ತಪ್ಪುತ್ತದೆ, ಸೀರೆಯ ಬುಟ್ಟಾ ಹೂವು ಕೆಡುತ್ತದೆ ಎಂದು ಮಾವ ಆಗಲೇ ಹೇಳಿದರು. ನಾವು ಹಾಕಿ ನೋಡುವವರಲ್ಲ ಸ್ವಾಮಿ, ಕೇಳುವವರು. ನಮ್ಮ ಬೀದಿಯಲ್ಲಿ ಎಲ್ಲ ಮನೆಯಲ್ಲೂ ಇದೇ ಪದ್ಧತಿ. ಆಟ ಬಿಸಿಯಾದಾಗ ಮಗ್ಗಗಳ ಸದ್ದು ನಿಧಾನವಾಗುತ್ತದೆ, ಗೋಲಾದಾಗ ಬೀದಿಯೇ ಒಂದು ಗಳಿಗೆ ನಿಂತುಬಿಡುತ್ತದೆ.

ನಮಗೆ ಕಣ್ಣಾಗಿದ್ದವರು ಮೈದಾನದಲ್ಲೇ ಕೂತು ಮಾತಾಡುವ ಹಳೆಯ ವಿವರಣೆಗಾರರು ಇಬ್ಬರು; ಅವರ ಮೈಕು ಮೈದಾನಕ್ಕೂ ಕೇಳಿಸುತ್ತಿತ್ತು, ಟಿವಿಗೂ ಬರುತ್ತಿತ್ತು. ಚೆಂಡು ಎಲ್ಲಿದೆ ಎಂದು ಹೇಳುವುದು ಗಂಗರಾಜು ಅವರ ಕೆಲಸ. ಅದು ಯಾಕೆ ಅಲ್ಲಿಗೆ ಹೋಯಿತು, ಯಾರ ಬುದ್ಧಿ ಮೇಯಲು ಹೋಗಿತ್ತು ಎಂದು ಹೇಳುವುದು ಅವರ ಪಕ್ಕದಲ್ಲಿ ಕೂರುವ ವೀರಭದ್ರಮ್ಮನವರ ಕೆಲಸ. ಅವರು ಕನ್ನಡ, ಇವರು ತೆಲುಗು, ಜಗಳ ಎರಡರಲ್ಲೂ. ಇವರ ಬಗ್ಗೆ ನಮ್ಮಲ್ಲಿ ಎರಡು ಪಾರ್ಟಿ ಇದ್ದವು ಎಂದರೆ ತಾವು ನಂಬಲಿಕ್ಕಿಲ್ಲ. ಮಾವನವರದು ಗಂಗರಾಜು ಪಾರ್ಟಿ. "ಆವಯ್ಯ ಕೂಗುದ್ರೆ ಚೆಂಡು ನನ್ನ ಕಾಲಡೀಲೇ ಉಳ್ಳಾಡ್ದಂಗ್ ಆಯ್ತದೆ ಕಣಮ್ಮ" ಎನ್ನುತ್ತಿದ್ದರು. ನನ್ನದು ವೀರಭದ್ರಮ್ಮನ ಪಾರ್ಟಿ. ಅಂಪೈರ್ ತಪ್ಪು ಮಾಡಿದರೆ "ಕಣ್ಣು ಮನೇಲಿ ಮರ್ತು ಬಂದಾವ್ನೆ" ಎಂದು ಮೈಕಿನಲ್ಲೇ ಕನ್ನಡಕ್ಕೆ ಇಳಿದು ಬೈಯುವ ಹೆಂಗಸು ಇನ್ನೆಲ್ಲಿ ಸಿಗುತ್ತಾಳೆ? ಗಂಗರಾಜು ಅವರಿಗೆ ಕಲ್ಯಾಣದುರ್ಗದ ಮೇಲೆ ಪಕ್ಷಪಾತ, ಒಪ್ಪುತ್ತೇನೆ. ಅವರ ಊರು ಗೋಲು ಹೊಡೆದರೆ ಮೈಕು ಸೀಳುತ್ತಿತ್ತು, ನಾವು ಹೊಡೆದರೆ "ಆಯ್ತು, ಹಿಂದೂಪುರಕ್ಕೂ ಒಂದು" ಎಂದು ಪಂಕ್ತಿಯ ಕೊನೆಯಲ್ಲಿ ಕೂತವನಿಗೆ ಬಡಿಸಿದಂತೆ ಹೇಳುತ್ತಿದ್ದರು. ಅದಕ್ಕೆ ನಾವು ಅವರನ್ನು ವರ್ಷವಿಡೀ ಬೈದಿದ್ದೇವೆ. ಆದರೆ ಚೆಂಡು ಎಲ್ಲಿದೆ ಎಂದು ಅವರು ಯಾವತ್ತೂ ಸುಳ್ಳು ಹೇಳಲಿಲ್ಲ.

ಇನ್ನೊಂದು ಪದ್ಧತಿ ಇತ್ತು. ಮೈದಾನದಲ್ಲಿ ಯಾವ ಹುಡುಗಿ ಬಿದ್ದರೂ ಗಂಗರಾಜು ಅವರು ಆಟ ಬಿಟ್ಟು ಮೊದಲು ಅವಳ ತಾಯಿಯ ಹೆಸರು ಕೂಗುತ್ತಿದ್ದರು. "ಕಂಬದೂರಿನ ಮುನೆಮ್ಮ, ಗಾಬ್ರಿ ಆಗ್ಬೇಡ ಕಣಮ್ಮ, ಮಂಡಿ ತರಚೈತೆ, ಎದ್ದವಳೆ." ಆಮೇಲೆ ವೀರಭದ್ರಮ್ಮನವರು ತೆಲುಗಿನಲ್ಲಿ ಇನ್ನೊಂದು ಸಲ. ಯಾವ ತಾಯಿ ಎಲ್ಲಿ ಕೂತಿದ್ದಾಳೋ, ಹೊಲದಲ್ಲೋ, ಮಗ್ಗದಲ್ಲೋ, ಫೋನಿನಲ್ಲಿ ಕೇಳುತ್ತಿದ್ದಾಳೋ, ಅವಳಿಗೆ ಮೊದಲು ತಲುಪಬೇಕು ಎಂಬುದು ಅವರ ನಿಯಮ. ಹೆಸರು ಕೇಳಿದ ತಾಯಿ ಕೂಡಲೇ ಕೋಚ್‌ಗೆ ಫೋನ್ ಮಾಡುತ್ತಿದ್ದಳು, ಕೋಚ್ ಫೋನನ್ನು ಹುಡುಗಿಯ ಕಿವಿಗೆ ಹಿಡಿಯುತ್ತಿದ್ದರು. "ಅಮ್ಮನ ಫೋನ್ ಬಂತು, ಇನ್ ಆಟ ಸುರು ಮಾಡ್ರಪ್ಪೋ" ಎಂದು ಗಂಗರಾಜು ಕೂಗಿದರೆ ಮೈದಾನವೆಲ್ಲ ಚಪ್ಪಾಳೆ. ಶಿರೀಷಾಳ ಕಾಲು ಉಳುಕಿದ ವರ್ಷ ನನ್ನ ಹೆಸರೂ ಬಂದಿತ್ತು. ನಾನು ಫೋನ್ ಮಾಡಿದೆ, ಅವಳು "ಹೂಂ ಅಮ್ಮ, ಆಡ್ತೀನಿ" ಎಂದಳು, ಆಡಿದಳು. ನಿಮ್ಮ ನಿಯಮಾವಳಿಯಲ್ಲಿ ಇದು ಎಲ್ಲೂ ಇರಲಿಕ್ಕಿಲ್ಲ. ಇದನ್ನು ನಂಬಿಯೇ ನಾವು ಹೆಣ್ಣುಮಕ್ಕಳನ್ನು ಅಷ್ಟು ದೂರ ಆಡಲು ಕಳಿಸುತ್ತಿದ್ದೆವು.

ಹೋದ ವರ್ಷ ತಾವು ಕ್ಯಾಮೆರಾ ಸಮೇತ ನಮ್ಮ ಮನೆಗೆ ಬಂದಿರಿ. ಮಗ್ಗದ ಪಕ್ಕ ಕೂತು ಫೋಟೋ ತೆಗೆಸಿಕೊಂಡಿರಿ, ಕಾಫಿ ಕುಡಿದಿರಿ. ಮಾವನವರು ತಾವೇ ನೇಯ್ದ ಜರಿಯಂಚಿನ ಶಾಲು ಹೊದಿಸಿದರು. "ಆ ಜೋಡೀನ ಮಾತ್ರ ತೆಗೀಬೇಡಿ ಸ್ವಾಮಿ" ಎಂದು ಅವರು ಕೈ ಮುಗಿದಾಗ ತಾವು ಆ ಕೈ ಹಿಡಿದು ಏನು ಹೇಳಿದಿರಿ? "ಅವರಿಬ್ಬರಿಲ್ಲದೆ ಕಪ್ ಉಂಟೇನ್ರೀ ಯಜಮಾನ್ರೇ?" ಎಂದಿರಿ. ಮಾವ ಆ ಮಾತನ್ನು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದರು. ಈಗ ಅದೇ ಬೀದಿಯಲ್ಲಿ ತಲೆ ತಗ್ಗಿಸಿಕೊಂಡು ಓಡಾಡುತ್ತಾರೆ. "ಬಾಯಲ್ಲಿ ಬಸಪ್ಪ, ಹೊಟ್ಟೇಲಿ ವಿಷಪ್ಪ ಕಣಮ್ಮ" ಎನ್ನುತ್ತಾರೆ. ಯಾರ ಬಗ್ಗೆ ಎಂದು ನಾನು ಕೇಳಿಲ್ಲ.

ಈ ವರ್ಷ ಟಿವಿ ಹಾಕಿದರೆ ಬೇರೆ ಎರಡು ದನಿ. ಒಂದು ಮುನ್ಸೂಚನೆಯಿಲ್ಲ, ಒಂದು ವಿದಾಯದ ಮಾತಿಲ್ಲ. ಹೊಸಬರು ಮೈದಾನಕ್ಕೇ ಬರುವುದಿಲ್ಲವಂತೆ; ನಗರದ ಯಾವುದೋ ಸ್ಟುಡಿಯೋದಲ್ಲಿ ತಣ್ಣಗೆ ಕೂತು, ಪರದೆ ನೋಡಿ ಮಾತಾಡುತ್ತಾರಂತೆ. ನ್ಯಾಯವಾಗಿ ಹೇಳಬೇಕೆಂದರೆ ಅವರನ್ನು ಮೆಚ್ಚಿದವರೂ ನಮ್ಮಲ್ಲಿದ್ದಾರೆ. "ಅತ್ತಿಗೆ, ಇದ್ರಲ್ಲಿ ಕಾಮಿಡಿ ಐತೆ, ಆ ಮುದುಕ ಬರೀ ಲೆಫ್ಟು ರೈಟು ಅಂತಿದ್ದ" ಎಂದ ನನ್ನ ಮೈದುನ. ಗೋಲ್‌ಕೀಪರ್ ಹುಡುಗಿ ಕಾಲಿಗೆ ಪ್ಯಾಡು ಕಟ್ಟಿಕೊಂಡು ಬಂದರೆ "ಹಾಸಿಗೆ ಸುತ್ತಿಕೊಂಡು ಮದುವೆಮನೆಗೆ ಹೊರಟ ಹಾಗಿದೆ" ಎಂದರು; ನನಗೂ ನಗು ಬಂತು, ಸುಳ್ಳೇಕೆ ಹೇಳಲಿ? ಆದರೆ ಆ ನಗುವಿನ ನಡುವೆ ಚೆಂಡು ಎಲ್ಲಿ ಹೋಯಿತು? ಯಾರ ಕೋಲಿನಲ್ಲಿದೆ? ಕಬಾಬು, ಸಿನಿಮಾ, ಒಬ್ಬರ ಹೊಸ ಬೂಟು, ಇನ್ನೊಬ್ಬರ ಹಳೆ ಕಾಲೇಜು, ಎಲ್ಲ ಗೊತ್ತಾಗುತ್ತಿತ್ತು, ಆಟವೊಂದು ಬಿಟ್ಟು. ಪಂದ್ಯ ಮುಗಿದ ಮೇಲೆ ಯಾರು ಗೆದ್ದರು ಎಂದು ನಾವು ಅಕ್ಕಪಕ್ಕ ಕೇಳಿಕೊಳ್ಳಬೇಕಾಯಿತು.

ಆ ಬೆಳಗ್ಗೆ ಹಿಂದೂಪುರಕ್ಕೂ ಕಲ್ಯಾಣದುರ್ಗಕ್ಕೂ ಪಂದ್ಯ. ಅವರಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ನಮ್ಮ ತಂಡದಲ್ಲಿ ಹೊಡೆತಕ್ಕೆ ಎದುರಾಗಿ ಮೊದಲು ನುಗ್ಗುವವಳು ಶಿರೀಷಾ. ಚೆಂಡು ಎಗರಿ ಅವಳ ಬಾಯಿಗೆ ಬಡಿದಿದೆ. ಇದೆಲ್ಲ ಆಮೇಲೆ ತಿಳಿದದ್ದು. ನಮ್ಮ ಮನೆಗೆ ಬಂದ ಮಾತು ಇದು:

"ಅರೆ, ಹಿಂದೂಪುರದ ಹುಡುಗಿ ಮಲಗೇಬಿಟ್ಟಳು ನೋಡಿ!"

"ಪಾಪ, ಬೆಳಗ್ಗೆ ಅವರಮ್ಮ ಬೇಗ ಎಬ್ಬಿಸಿರಬೇಕು!"

ಆಗ ನಾನು ನಕ್ಕೆ. ಹುಡುಗಿ ಬಿದ್ದಿದ್ದಾಳೆ ಎಂದರೆ ನಗುವುದೇ ಎಂದು ತಾವು ಕೇಳಬಹುದು. ಕೇಳಿ, ಉತ್ತರ ಇದೆ. ಯಾವ ತಾಯಿಯ ಹೆಸರೂ ಬರಲಿಲ್ಲವಲ್ಲ! ಹೆಸರು ಬರಲಿಲ್ಲ ಎಂದರೆ ಯಾರಿಗೂ ಏನೂ ಆಗಿಲ್ಲ ಎಂದೇ ಇಷ್ಟು ವರ್ಷ ನಮಗೆ ಅರ್ಥ. ಜನ ಬದಲಾಗಿದ್ದರು, ನನ್ನ ಕಿವಿ ಬದಲಾಗಿರಲಿಲ್ಲ. ಆನಂದಕುಮಾರ ಒಂದು ಸಲ ತಿರುಗಿ ನೋಡಿದನಂತೆ. ಪರದೆಯ ತುಂಬ ನಿಮ್ಮ ಪ್ರಾಯೋಜಕರ ಒಡವೆ ಅಂಗಡಿಯ ಜಾಹೀರಾತು, ಮೂಲೆಯಲ್ಲಿ ಅವರಿಬ್ಬರ ನಗುಮುಖ. ಅವನೂ ತಿರುಗಿ ನೇಯತೊಡಗಿದ. ನಾನು ಮಧ್ಯಾಹ್ನದವರೆಗೆ ನೇಯ್ದೆ, ಚೆನ್ನಾಗಿಯೇ ನೇಯ್ದೆ.

ಊಟಕ್ಕೆ ಕೂತಾಗ ಕೋಚ್ ರಮಾದೇವಿಯವರ ಫೋನ್ ಬಂತು. "ಇಂದ್ರಾಣಕ್ಕ, ಎಲ್ಲಿವರ್ಗೂ ಬಂದ್ರಿ?" ಎಂದರು. ಎಲ್ಲಿಗೆ ಬರಬೇಕು ಎಂದು ಕೇಳಿದೆ. "ಏನಕ್ಕ ಹಿಂಗಂತೀರಾ? ಗಂಗರಾಜಣ್ಣ ಅಷ್ಟು ಕೂಗಿದ್ರಲ್ಲ ಮೈಕಲ್ಲಿ!" ಎಂದರು. ತಟ್ಟೆ ಬಿಟ್ಟು ಎದ್ದೆ. ನನ್ನ ಗಂಡ ಸೀರೆ ತಗೊಂಡು ಗೋರಂಟ್ಲಕ್ಕೆ ಹೋಗಿದ್ದರು. ಕಾಯಲಿಲ್ಲ, ಮೈದುನನನ್ನು ಕರೆದುಕೊಂಡು ಸಿಕ್ಕ ಬಸ್ಸು ಹತ್ತಿದೆ. ಅವನ ಕಾಮಿಡಿ ಮುಗಿದಿತ್ತು.

ಆಸ್ಪತ್ರೆಯಲ್ಲಿ ಮಗಳ ತುಟಿಗೆ ಹೊಲಿಗೆ ಬಿದ್ದಿತ್ತು, ಮುಂದಿನ ಹಲ್ಲು ಹೋಗಿತ್ತು. ನಾನು ಅಳುತ್ತಾ ಹತ್ತಿರ ಹೋದರೆ ಅವಳು ಗೋಡೆಯ ಕಡೆ ತಿರುಗಿದಳು. ಬಲವಂತ ಮಾಡಿದ ಮೇಲೆ, ಆ ಊದಿದ ಬಾಯಲ್ಲೇ ಒಂದೊಂದೇ ಮಾತು ತೆಗೆದಳು. "ಗಂಗರಾಜು ಮಾವ ನಿನ್ ಹೆಸ್ರು ಕೂಗ್ದ. ಎಷ್ಟ್ ಸಲ ಕೂಗ್ದ ಗೊತ್ತಾ? ನಾನು ಮೇಡಂ ಫೋನೇ ನೋಡ್ಕೊಂಡ್ ಕೂತಿದ್ದೆ. ಎಲ್ರೂ ನೋಡ್ತಿದ್ರು. ನೀನ್ ಯಾಕ್ ಮಾಡ್ಲಿಲ್ಲ?" ನನಗೆ ಕೇಳಿಸಲಿಲ್ಲ ಕಣೇ ಎಂದೆ. "ಸುಳ್ಳು ಹೇಳ್ಬೇಡಮ್ಮ. ಇಡೀ ಗ್ರೌಂಡಿಗೆ ಕೇಳಿಸ್ತು" ಎಂದಳು.

ಹೌದು ಮಾನ್ಯರೇ, ಇಡೀ ಮೈದಾನಕ್ಕೆ ಕೇಳಿಸಿತ್ತು. ಗಂಗರಾಜು ಅವರು ಎಲ್ಲೂ ಹೋಗಿರಲಿಲ್ಲ. ಅವರಿಗೆ ತಾವು ಹೊಸ ಹೊಣೆ ಕೊಟ್ಟಿದ್ದಿರಿ: ಗೇಟಿಗೆ ಅಡ್ಡ ನಿಂತ ಗಾಡಿಗಳನ್ನು ಮೈದಾನದ ಮೈಕಿನಲ್ಲಿ ಕೂಗಿ ತೆಗೆಸುವುದು. ವೀರಭದ್ರಮ್ಮನವರನ್ನು ಬಹುಮಾನದ ಕಪ್ಪುಗಳ ಕಾವಲಿಗೆ ಕೂರಿಸಿದ್ದಿರಿ. ಚೆಂಡು ಬಡಿದಾಗ ಗಂಗರಾಜು ಅವರು ಯಾವುದೋ ಬಿಳಿ ಕಾರಿನವರನ್ನು ಕರೆಯುತ್ತಿದ್ದರಂತೆ. ಆ ಮಾತು ಅರ್ಧಕ್ಕೆ ಬಿಟ್ಟು, "ಹಿಂದೂಪುರದ ಇಂದ್ರಾಣಮ್ಮ! ಗಾಬ್ರಿ ಆಗ್ಬೇಡ ಕಣಮ್ಮ! ಬಾಯಿಗ್ ಬಿದ್ದೈತೆ, ಪ್ರಜ್ಞೆ ಐತೆ!" ಎಂದು ಕೂಗಿದರಂತೆ. ವೀರಭದ್ರಮ್ಮನವರು ಕಪ್ಪುಗಳನ್ನು ಬಿಟ್ಟು ಓಡಿಬಂದು ಮೈಕು ಕಿತ್ತುಕೊಂಡು, "ಏಮೀ ಕಾಲೇದಮ್ಮಾ ಇಂದ್ರಾಣೀ, ಪಿಲ್ಲ ಲೇಚಿ ಕೂಚುಂದಿ" ಎಂದು ಮಗು ಎದ್ದು ಕೂತ ಸುದ್ದಿ ಕೊಟ್ಟರಂತೆ. ತಮ್ಮ ದನಿ ಈಗ ಮೈದಾನದ ಸ್ಪೀಕರ್ ಕಂಬಗಳಾಚೆಗೆ ಹೋಗುವುದಿಲ್ಲ ಎಂದು ಆ ಇಬ್ಬರಿಗೂ ಆ ಗಳಿಗೆಯಲ್ಲಿ ನೆನಪಾಗಿಲ್ಲ. ಟಿವಿಯಲ್ಲಿ ಬೇರೆಯವರು ಮಾತಾಡುತ್ತಿದ್ದಾರೆ ಎಂದು ಗೊತ್ತಿದ್ದ ರಮಾದೇವಿಯವರಿಗೂ ನೆನಪಾಗಿಲ್ಲ. ನನ್ನಂತೆಯೇ ಎಲ್ಲರೂ ಆ ಹಳೆ ಮೈಕನ್ನು ನಂಬಿಬಿಟ್ಟಿದ್ದರು. ಹಾಗೆಯೇ ಆ ಬಿಳಿ ಕಾರು ತಮ್ಮದೇ ಎಂದು ಊರವರು ಹೇಳುತ್ತಾರೆ. ಇರಲಿ, ಅದೊಂದು ವಿಷಯಕ್ಕೆ ನಾನು ಜಗಳ ತೆಗೆಯುವುದಿಲ್ಲ.

ನಿಮ್ಮ ಕಚೇರಿಗೆ ಫೋನ್ ಮಾಡಿದೆ. ವೀಕ್ಷಕರ ಸಂಖ್ಯೆ ಏರಿದೆ, ಯುವಜನರ ಅಭಿಪ್ರಾಯ ಉತ್ತೇಜಕವಾಗಿದೆ, ಹಳಬರಿಗೆ "ಗೌರವಯುತ ಸ್ಥಾನ" ಕಲ್ಪಿಸಲಾಗಿದೆ ಎಂದು ಅಲ್ಲಿದ್ದವರು ವಿವರಿಸಿದರು. ಗೇಟು ಕಾಯುವುದು ಯಾವ ಊರಿನ ಗೌರವ? ಯಾರ ಕಿವಿಗೆ ಹೂ ಇಡುತ್ತಿದ್ದೀರಿ? ಆ ಏರಿದ ಸಂಖ್ಯೆಯಲ್ಲಿ ನಾನೂ ಒಬ್ಬಳು ತಾನೇ? ನಾನು ನಕ್ಕಿದ್ದನ್ನೂ ನಿಮ್ಮ ಉತ್ತೇಜಕ ಅಭಿಪ್ರಾಯಕ್ಕೆ ಸೇರಿಸಿಕೊಂಡಿರಾ? ಸ್ಟುಡಿಯೋದ ಆ ಇಬ್ಬರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅವರಿಗೆ ನಾನಾಗಲಿ, ನಮ್ಮ ಪದ್ಧತಿಯಾಗಲಿ ಗೊತ್ತಿಲ್ಲ. ನಿಮಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಕೂತು, ಟಿವಿಗೆ ಬೆನ್ನು ಹಾಕಿದ ಮೂರು ಮಗ್ಗಗಳನ್ನು ಕಣ್ಣಾರೆ ಕಂಡು, ಮುದುಕರ ಕೈ ಹಿಡಿದು ಮಾತು ಕೊಟ್ಟು ಹೋದವರು ನೀವು. ನನಗೆ ಹೊಟ್ಟೆ ಉರಿಯುವುದು ಅದಕ್ಕೆ.

ಮಗಳ ಹೊಲಿಗೆ ಬಿಚ್ಚಿದ್ದಾರೆ. ಅವಳು ಮತ್ತೆ ಕೋಲು ಹಿಡಿದಿದ್ದಾಳೆ, ಸೋಮಂದೇಪಲ್ಲಿಯಲ್ಲಿ ಅಭ್ಯಾಸಕ್ಕೆ ಹೋಗುತ್ತಾಳೆ. ಮನೆಯಲ್ಲಿ ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ, ಅಷ್ಟೇ. ಮೊನ್ನೆ ಹೊರಡುವಾಗ ಜೋಪಾನ ಎಂದೆ. "ನೀನು ನೇಯ್ಕೊಂಡಿರಮ್ಮ. ಬಿದ್ರೆ ಎದ್ದು ನಾನೇ ಬತ್ತೀನಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದಳು. ಆ ಮಾತು ಕೇಳಿ ಮಾವ ಮಗ್ಗದಿಂದ ಎದ್ದು ಹಿತ್ತಲಿಗೆ ಹೋದರು. ಅಂದಿನಿಂದ ನಮ್ಮ ಟಿವಿ ಆರಿದೆ.

ಆದ್ದರಿಂದ ನನ್ನ ಬೇಡಿಕೆ. ಗಂಗರಾಜು ಅವರನ್ನೂ ವೀರಭದ್ರಮ್ಮನವರನ್ನೂ ಗೇಟಿನಿಂದ, ಕಪ್ಪುಗಳ ಕಾವಲಿನಿಂದ ಎಬ್ಬಿಸಿ ಅವರ ಜಾಗದಲ್ಲಿ ಕೂರಿಸಿ. ಅವರ ಮೈಕಿನ ವೈರು ನಮ್ಮ ಮನೆಗಳವರೆಗೆ ಬರಲಿ. ನಿಮ್ಮ ಹಾಸ್ಯಗಾರರೂ ಬೇಕಿದ್ದರೆ ಪಕ್ಕದಲ್ಲಿ ಇರಲಿ, ಹುಡುಗಿ ಬಿದ್ದಾಗ ಸುಮ್ಮನಿದ್ದರೆ ಸಾಕು. ಶಾಲು ವಾಪಸ್ ಕೇಳುವುದಿಲ್ಲ, ಹೊದ್ದುಕೊಳ್ಳಿ. ಆದರೆ ಫೈನಲ್ ದಿನ ಅದನ್ನೇ ಹೊದ್ದುಕೊಂಡು ಮೈದಾನಕ್ಕೆ ಬಂದು, ಆ ಮೈಕನ್ನು ನಿಮ್ಮ ಕೈಯಾರೆ ಹಿಡಿದು, ನನ್ನ ಮಗಳ ಹೆಸರು ಕೂಗಿ. "ಶಿರೀಷಾ, ಅವತ್ತು ಈ ಮೈಕು ನಿಮ್ಮಮ್ಮನಿಗೆ ಕೇಳಿಸುತ್ತಿರಲಿಲ್ಲ, ವೈರು ತೆಗೆಸಿದವನು ನಾನು" ಎಂದು ಹೇಳಿ. ನಾನು ಹೇಳಿ ಹೇಳಿ ಸೋತೆ ಸ್ವಾಮಿ. ಅವಳು ನಂಬುವುದು ಆ ಮೈಕನ್ನು ಮಾತ್ರ.

ಇಂತಿ,
ಹೆಸರು ಕೂಗಿದಾಗ ಓಗೊಡದೆ ಹೋದ
ಇಂದ್ರಾಣಿ
(ಶಿರೀಷಾಳ ತಾಯಿ), ಹಿಂದೂಪುರ